ಲಾಭಕ್ಕೂ ಒಂದು ಗೆರೆ

ಜಿದ್ದಾ, 2025 ನವೆಂಬರ್ 7, ಶುಕ್ರವಾರ. ಬರೆಯಲು ಕೂತದ್ದು ಬೆಳಿಗ್ಗೆ 9.40ಕ್ಕೆ.

ಕೆಳಗೆ ದರ್ಜಿ ಅಂಗಡಿಗೆ ಹೊಸ ಶಟರ್ ಕೂರಿಸುತ್ತಿದ್ದಾರೆ. ಜುಮಾ ನಮಾಜು ಮುಗಿದು ಶರಫಿಯಾದ ಬೀದಿಗಳಲ್ಲಿ ಜನ ತುಂಬುವ ಮೊದಲು ಕೆಲಸ ಮುಗಿಸುವ ಅವಸರ ಅವರಿಗೆ. ವೆಲ್ಡಿಂಗ್ ಹೊಗೆ ಕಿಟಕಿಯಿಂದ ಒಳಗೆ ಬಂತು... ಸುಟ್ಟ ಕಬ್ಬಿಣದ ವಾಸನೆ, ಜೊತೆಗೆ ರಾಡಿನ ಮೇಲಿನ ಲೇಪ ಉರಿಯುವಾಗ ಗಂಟಲಿಗೆ ತಾಗುವ ಒಂದು ಘಾಟು. ಪಕ್ಕದ ರೂಮಿನವರು ಕಿಟಕಿ ಮುಚ್ಚಿದರು. ನಾನು ಇನ್ನಷ್ಟು ತೆರೆದೆ. ಈ ವಾಸನೆಯನ್ನು ಅಂಗಿಯಲ್ಲೇ ಹೊತ್ತು ತಿರುಗುತ್ತಿದ್ದ ಒಬ್ಬರು ನೆನಪಾದರು, ಅವರು ನೆನಪಾದರೆ ನನಗೆ ಮೊದಲು ಬರುವುದು ನಗು.

ನಾವು ಅವರನ್ನು ಉಸ್ತಾ ಎಂದು ಕರೆಯುತ್ತಿದ್ದೆವು. ಕೈಕೆಲಸದಲ್ಲಿ ಪಳಗಿದ ಹಿರಿಯರನ್ನು ತುರ್ಕಿಯಲ್ಲಿ ಹಾಗೆ ಕರೆಯುತ್ತಾರಂತೆ. ನಾನು ಆಗ ಬಂದರಿನ ಹತ್ತಿರದ ಒಂದು ಹಡಗು ರಿಪೇರಿ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್, ಗಂಗೊಳ್ಳಿಯಿಂದ ಬಂದು ಏಳು ತಿಂಗಳಾಗಿತ್ತು. 2022 ಸೆಪ್ಟೆಂಬರ್ 4, ಭಾನುವಾರ, ಬೆಳಿಗ್ಗೆ 7.05ಕ್ಕೆ ಅವರು ಮೊದಲ ಸಲ ನನ್ನ ಕೌಂಟರಿಗೆ ಬಂದರು. ಕುಳ್ಳಗೆ, ಅಗಲ ಭುಜ, ಬಿಳಿ ಮೀಸೆ. ಮೂವತ್ತು ವೆಲ್ಡಿಂಗ್ ರಾಡ್ ಕೇಳಿದರು. ಎಣಿಸಿ ಕೊಟ್ಟೆ. ಅವರು ಅದನ್ನೆಲ್ಲ ಕೌಂಟರಿನ ಮೇಲೆ ಹರಡಿ ಮತ್ತೆ ಎಣಿಸಿದರು, ಒಂದನ್ನು ನನ್ನ ಕಡೆ ತಳ್ಳಿದರು. ಮೂವತ್ತೊಂದು ಇತ್ತು.

"ಒಂದು ಹೆಚ್ಚು ಬಂದರೆ ಖುಷಿಪಡಬೇಡ," ಎಂದರು. "ಇವತ್ತು ಹೆಚ್ಚು ಕೊಟ್ಟ ಕೈ ನಾಳೆ ಕಡಿಮೆ ಕೊಡುತ್ತದೆ."

ನನಗೆ ಸ್ವಲ್ಪ ಸಿಟ್ಟೇ ಬಂತು. ದಿನಾಂಕ, ಲೆಕ್ಕ ಎಂದರೆ ನಾನೇ ಎಂದುಕೊಂಡಿದ್ದವನು ನಾನು. ಆದರೆ ನಾನು ಆ ಮೂವತ್ತೊಂದನ್ನು ಡೈರಿಯಲ್ಲಿ ಬರೆದುಕೊಳ್ಳುವುದನ್ನು ಕಂಡು ಅವರು ಮೀಸೆಯಡಿ ನಕ್ಕರು. ಅಂದಿನಿಂದ ನನ್ನನ್ನು ಕರೆದದ್ದು "ಕಾತಿಬ್" ಎಂದೇ. ಅರಬ್ಬಿಯಲ್ಲಿ ಬರೆಯುವವನು ಎಂದರ್ಥ.

ಅವರ ಮಾತು ಮುರುಕು ಅರಬ್ಬಿ, ಮುರುಕು ಇಂಗ್ಲಿಷ್, ಉಳಿದದ್ದು ಕೈಸನ್ನೆ. ಕರಾವಳಿಯ ನಮ್ಮ ಜೊತೆ ಇದ್ದೂ ಇದ್ದೂ ಅದಕ್ಕೆ "ಮಾರಾಯ" ಸೇರಿತು. ಇಲ್ಲಿ ಅವರ ಮಾತನ್ನೆಲ್ಲ ನಾನು ಕನ್ನಡ ಮಾಡಿದ್ದೇನೆ. ಮಾರಾಯ ಮಾತ್ರ ಅವರದ್ದೇ.

ಅವರು ದುಡಿದದ್ದು ತುರ್ಕಿಯ ಗೊಲ್ಜುಕ್‌ನಲ್ಲಿ, ನೌಕಾಪಡೆಯ ಹಡಗು ಕಟ್ಟೆಯಲ್ಲಿ, ಜಲಾಂತರ್ಗಾಮಿಗಳ ಹೊಟ್ಟೆಯೊಳಗೆ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಅಡುಗೆಮನೆಯ ಚಮಚಗಳನ್ನು ಎಣಿಸತೊಡಗಿದರಂತೆ. ಮೂರನೆಯ ವಾರ ಹೆಂಡತಿ, "ಎಲ್ಲಿಯಾದರೂ ಕೆಲಸ ಹುಡುಕಿಕೊಳ್ಳಿ, ಇಲ್ಲದಿದ್ದರೆ ನಾನು ಹುಡುಕಿಕೊಳ್ಳುತ್ತೇನೆ" ಎಂದರಂತೆ. ಹಾಗೆ ಜಿದ್ದಾಕ್ಕೆ ಬಂದದ್ದು.

ಅವರ ಕೆಲಸದ ಕ್ರಮ ಒಂದೇ. ರಿಪೇರಿಗೆ ಬಂದ ಹಡಗಿನ ಟ್ಯಾಂಕಿನೊಳಗೆ ಎಷ್ಟು ರಾಡ್ ಹೋಯಿತೋ ಅಷ್ಟು ತುಂಡು ಹೊರಗೆ ಬರಬೇಕು. ರಾಡ್ ಉರಿದು ಕೊನೆಗೆ ಬೆರಳುದ್ದದ ತುಂಡು ಉಳಿಯುತ್ತದಲ್ಲ, ಅದು. ಬೇರೆ ವೆಲ್ಡರುಗಳು ಅದನ್ನು ಎಸೆಯುವವರು, ಇವರು ಎಣಿಸಿ ಬಕೆಟಿಗೆ ಹಾಕುವವರು. ಬಾಗಿಲ ಪಕ್ಕ ಒಂದು ಹಲಗೆ, ಎಡಕ್ಕೆ ಒಳಗೆ ಹೋದದ್ದು, ಬಲಕ್ಕೆ ಹೊರಗೆ ಬಂದದ್ದು. ಎರಡೂ ಸಮವಾಗದೆ ಟ್ಯಾಂಕಿನ ಬಾಗಿಲು ಮುಚ್ಚುವಂತಿಲ್ಲ, ಅವರು ಸಹಿ ಹಾಕುವುದಿಲ್ಲ. ಜಲಾಂತರ್ಗಾಮಿಯಲ್ಲಿ ಒಂದೇ ತುಂಡು ಉರುಳಾಡಿದರೂ ಸದ್ದು ಸಮುದ್ರಕ್ಕೆ ಕೇಳುತ್ತದಂತೆ. "ಗೋಡೆ ಎರಡು ಇರುತ್ತವೆ ಮಾರಾಯ. ಒಂದು ಉಕ್ಕಿನದು, ಇನ್ನೊಂದು ಮೌನದ್ದು. ಉಕ್ಕಿನದಕ್ಕೆ ಎಕ್ಸ್‌ರೇ ಉಂಟು. ಮೌನದ್ದಕ್ಕೆ ಈ ಹಲಗೆ ಮಾತ್ರ."

ಬೆಳಿಗ್ಗೆ ಹತ್ತಕ್ಕೆ ಚಹಾ. ನನ್ನ ಲೆಕ್ಕದಲ್ಲಿ ಅವರು ಹೇಳಿದ ಹಡಗಿನ ಕಥೆಗಳು ನಲವತ್ತೊಂದು, ಅದರಲ್ಲಿ ಒಂಬತ್ತು ಎರಡೆರಡು ಸಲ. ಎಲ್ಲರಿಗೂ ಇಷ್ಟವಾದದ್ದು ಸುಲ್ತಾನರ ಕಾಲದ ಮೊದಲ ಎರಡು ಜಲಾಂತರ್ಗಾಮಿಗಳದ್ದು. ಇಂಗ್ಲೆಂಡಿನಿಂದ ತುಂಡು ತುಂಡಾಗಿ ಬಂದು, ಇಸ್ತಾಂಬುಲ್‌ನ ಗೋಲ್ಡನ್ ಹಾರ್ನ್ ಕೊಲ್ಲಿಯ ದಡದಲ್ಲಿ ಜೋಡಣೆಯಾದವು. ಎಂಜಿನ್ ಉಗಿಯದ್ದು. ನೀರಿನಡಿ ಹೋಗುವ ಹಡಗಿಗೆ ಕಲ್ಲಿದ್ದಲಿನ ಒಲೆ! ಮುಳುಗುವ ಮೊದಲು ಒಲೆ ಮುಚ್ಚಬೇಕು, ಒಳಗಿದ್ದವರು ಇಡ್ಲಿಯ ಹಾಗೆ ಬೇಯಬೇಕು. (ಇಡ್ಲಿ ನನ್ನ ಅನುವಾದ, ಅವರು ಹೇಳಿದ್ದು ಹಮಾಮ್, ಅವರ ಊರಿನ ಉಗಿಸ್ನಾನದ ಮನೆ.) ನೀರಿನಡಿಯಿಂದ ಟಾರ್ಪಿಡೊ ಬಿಟ್ಟದ್ದರಲ್ಲಿ ಅದೇ ಜಗತ್ತಿಗೆ ಮೊದಲಂತೆ. ಆದರೆ ಅಷ್ಟು ಭಾರ ಮೂತಿಯಿಂದ ಹೊರಟ ಮೇಲೆ ಹಡಗು ಸಮತೋಲ ತಪ್ಪಿ ಓಲಾಡುತ್ತಿತ್ತು. ಅದನ್ನು ತೋರಿಸಲು ಉಸ್ತಾ ಚಹಾದ ಗ್ಲಾಸಿಗೆ ಖರ್ಜೂರದ ಬೀಜ ಹಾಕುತ್ತಿದ್ದರು. ಬೀಜ ಪ್ರತಿ ಸಲವೂ ನೇರ ತಳ ಸೇರುತ್ತಿತ್ತು. "ನೋಡಿ, ಇದಕ್ಕೇ ನಾವಿಕರು ಹತ್ತಲು ಒಪ್ಪಲಿಲ್ಲ," ಎಂದು ಬೀಜವನ್ನು ಚಮಚದಿಂದ ಮೇಲೆತ್ತುತ್ತಿದ್ದರು.

ಆಮೇಲೆ ತಮ್ಮ ಕಾಲಕ್ಕೆ ಬರುವರು. ಗೊಲ್ಜುಕ್‌ನಲ್ಲಿ ಕಟ್ಟಿದ ಜಲಾಂತರ್ಗಾಮಿಗಳಿಗೆ ನಕ್ಷೆ ಜರ್ಮನರದ್ದು, ಕೈ ಇವರದ್ದು. ಕೊನೆಯ ಕೆಲವು ವರ್ಷ ಇಸ್ತಾಂಬುಲ್‌ನ ಕಟ್ಟೆಗೆ ಕಳಿಸಿದರು; ಅಲ್ಲಿ ಯುದ್ಧನೌಕೆಗೆ ತಮ್ಮ ದೇಶದವರೇ ಬರೆದ ನಕ್ಷೆ. ಮೊದಲ ದಿನ ಹಾಳೆ ಬಿಡಿಸಿದಾಗ ಮೂಲೆಯಲ್ಲಿ ತುರ್ಕಿ ಅಕ್ಷರ ಕಂಡು, ವೆಲ್ಡರುಗಳೆಲ್ಲ ಕೈ ಒರೆಸಿಕೊಂಡು ಬಂದು ಅದನ್ನು ಮುಟ್ಟಿದರಂತೆ. ಇದನ್ನು ಹೇಳುವಾಗ ಅವರು ಗ್ಲಾಸು ಕೆಳಗಿಡುತ್ತಿದ್ದರು...

ಮತ್ತೆ ಮಗಳು. ಒಬ್ಬಳೇ ಮಗಳು, ಎಂಜಿನಿಯರ್. ಫ್ರಿಗೇಟ್ ಎನ್ನುವ ಹೊಸ ಯುದ್ಧನೌಕೆಗಳ ರಾಡಾರ್ ಕೆಲಸ ಅವಳದ್ದು. ರಹಸ್ಯದ ಕೆಲಸವಾದ್ದರಿಂದ ಅಪ್ಪನಿಗೂ ಹೆಚ್ಚು ಹೇಳುವಂತಿಲ್ಲ. ಉಸ್ತಾಗೆ ಗೊತ್ತಿದ್ದದ್ದು ಇಷ್ಟು: ಒಂದು ಚಪ್ಪಟೆ ಹಲಗೆ, ಅದರಲ್ಲಿ ನೂರಾರು ಸಣ್ಣ ಸಣ್ಣ ಪ್ರಸಾರಕಗಳು; ದೊಡ್ಡ ಹಡಗುಗಳನ್ನು ಎಳೆಯುವ ನಮ್ಮ ಟಗ್‌ಗಳ ರಾಡಾರಿನ ಹಾಗೆ ಗಿರಗಿರ ತಿರುಗಲೇಬೇಕೆಂದಿಲ್ಲ, ಕತ್ತು ಆಡಿಸದೆಯೂ ನೋಟ ಹೊರಳಿಸಬಲ್ಲದು. "ನನ್ನ ಹೆಂಡತಿಯ ಹಾಗೆ," ಎನ್ನುವರು. "ನಾನು ಮೂವತ್ತು ವರ್ಷ ಯಾರಿಗೂ ಕಾಣದ ಹಡಗು ಕಟ್ಟಿದೆ. ಮಗಳು ಎಲ್ಲವನ್ನೂ ಕಾಣುವ ಕಣ್ಣು ಕಟ್ಟುತ್ತಾಳೆ. ಮನೆಯಲ್ಲಿ ಯಾರು ಗೆದ್ದರು, ನೀವೇ ಹೇಳಿ."

2023ರ ನವೆಂಬರ್ ಮೊದಲ ವಾರ ಮಗಳ ಫೋನ್ ಬಂತು. ಅವಳು ಕೆಲಸ ಮಾಡಿದ ಫ್ರಿಗೇಟ್‌ಗೆ, 18ನೇ ತಾರೀಕು ಶನಿವಾರ, ಕೆಲಸದವರ ಮನೆಯವರನ್ನು ಹತ್ತಿಸುತ್ತಾರೆ. ಒಂದೇ ದಿನ, ಹೆಸರು ಮೊದಲೇ ಕೊಡಬೇಕು. ಅಪ್ಪ ಅಮ್ಮ ಇಬ್ಬರ ಹೆಸರೂ ಕೊಟ್ಟಿದ್ದಾಳೆ. ಅವಳ ಹಲಗೆಯನ್ನು ಅಪ್ಪ ಕಣ್ಣಾರೆ ನೋಡಬಹುದು.

ಉಸ್ತಾ ಆ ಹತ್ತು ದಿನ ನೆಲದ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ರಜೆ ಸಿಕ್ಕಿತು, ಹೋಗಿಬರುವ ವೀಸಾ ಸಿಕ್ಕಿತು. ವಿಮಾನ 16ರ ಗುರುವಾರ ಸಂಜೆ 6.50ಕ್ಕೆ. ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿ ಮರಳುವವರಿಂದ ಶುಕ್ರವಾರ, ಶನಿವಾರದ ವಿಮಾನಗಳೆಲ್ಲ ತುಂಬಿದ್ದವು, ಇದ್ದದ್ದು ಅದೊಂದೇ. ಬ್ಯಾಗನ್ನು ನನ್ನ ಸ್ಟೋರಿನಲ್ಲಿ ಇಟ್ಟಿದ್ದರು. ಮಗಳಿಗೆಂದು ನಾನು ಕೊಟ್ಟ ಅರ್ಧ ಕಿಲೋ ಗೇರುಬೀಜವೂ ಅದರಲ್ಲಿತ್ತು. ಮಧ್ಯಾಹ್ನ 3.15ಕ್ಕೆ ಕಾರು ಬರಬೇಕು.

ಅಷ್ಟರೊಳಗೆ ಒಂದು ಟಗ್‌ನ ಡೀಸೆಲ್ ಟ್ಯಾಂಕಿನ ಬಿರುಕು ಮುಗಿಸಬೇಕಿತ್ತು. ಸಂಜೆ ದೊಡ್ಡ ಹಡಗೊಂದನ್ನು ಬಂದರಿಗೆ ಎಳೆದು ತರಲು ಆ ಟಗ್ ಹೊರಡಬೇಕು. ಬೆಳಿಗ್ಗೆ ಒಳಗೆ ಹೋದ ರಾಡ್ ಅರವತ್ತನಾಲ್ಕು. ಮೊದಲ ಕಂತಿನಲ್ಲಿ ಇಪ್ಪತ್ತೊಂಬತ್ತು ತುಂಡು ಬಂತು, ಎರಡನೆಯದರಲ್ಲಿ ಇಪ್ಪತ್ತನಾಲ್ಕು. ಎರಡನ್ನೂ ನಾನೇ ಬರೆದೆ. ಕೊನೆಯ ಕಂತಿಗೆ, ತುಂಡು ಈಸಿಕೊಳ್ಳುವ ಸಹಾಯಕ ಊಟಕ್ಕೆ ಹೋಗಿದ್ದ. ಉಸ್ತಾಗೆ ಬೇಗ ಆಗಲಿ ಎಂದು ನಾನೇ ಕೈಗವಸು ಹಾಕಿ ಟ್ಯಾಂಕಿನ ಬಾಯಿಗೆ ಹೋದೆ. ಅವರು ಒಳಗಿನಿಂದ ಬಿಸಿ ತುಂಡು ಒಂದೊಂದಾಗಿ ಕೊಡುವುದು, ನಾನು ಜೋರಾಗಿ ಎಣಿಸಿ ಬಕೆಟಿಗೆ ಹಾಕುವುದು. ಹಲಗೆಯ ಮೇಲೆ ಗೆರೆ ಎಳೆದದ್ದು ನನ್ನ ಗೆಳೆಯ. ಟ್ಯಾಂಕಿನ ಬಾಯಿ ಕಾಯುವ ಕೆಲಸ ಅವನದ್ದು. ಮನೆ ಉಳ್ಳಾಲದ್ದಾದರೂ ಹುಟ್ಟಿ ಬೆಳೆದದ್ದೆಲ್ಲ ಜಿದ್ದಾದಲ್ಲಿ. ಬಕೆಟ್ ತುಂಬಿತು, ಗುಜರಿ ಪೆಟ್ಟಿಗೆಗೆ ಸುರಿದೆ. 2.10ಕ್ಕೆ ಗುಜರಿ ಲಾರಿ ಅದನ್ನು ಎತ್ತಿಕೊಂಡು ಹೋಯಿತು.

2.40ಕ್ಕೆ ಕೂಡಿಸಿದರೆ ಅರವತ್ತಮೂರು.

ನಾವೆಲ್ಲ ಮುದೀರ್ ಎನ್ನುವ ಮ್ಯಾನೇಜರ್ ಓಡಿಬಂದರು. "ಯಲ್ಲಾ ಉಸ್ತಾ, ಖಲಾಸ್! ನೀವು ಹೊರಡಿ, ಬಾಗಿಲು ನಾವು ಮುಚ್ಚುತ್ತೇವೆ. ಒಂದು ತುಂಡಿಗೆ ಏನಾಗುತ್ತದೆ?"

"ಪಂಪಿನ ಬಾಯಿಗೆ ಹೋಗುತ್ತದೆ," ಎಂದರು ಉಸ್ತಾ. "ದೊಡ್ಡ ಹಡಗನ್ನು ಹಿಡಿದುಕೊಂಡಿರುವಾಗ ಟಗ್‌ನ ಎಂಜಿನ್ ನಿಲ್ಲುತ್ತದೆ. ಸಹಿ ಹಾಕದ ಟ್ಯಾಂಕ್ ನನ್ನ ಜೊತೆ ವಿಮಾನ ಹತ್ತುತ್ತದೆ, ಮುದೀರ್. ಅದಕ್ಕೆ ಸೀಟಿಲ್ಲ." ಟಾರ್ಚ್ ಹಿಡಿದು ಮತ್ತೆ ಒಳಗಿಳಿದರು.

ನಾನು ಹಲಗೆಯ ಎದುರು ನಿಂತೆ. ಕೊನೆಯ ಕಂತಿನದ್ದು ಐದೈದರ ಎರಡು ಕಟ್ಟು, ಹತ್ತು ಗೆರೆ.

"ನೀನು ಹೇಗೆ ಗೆರೆ ಹಾಕಿದ್ದು ಮಾರಾಯ?" ಎಂದು ಗೆಳೆಯನನ್ನು ಕೇಳಿದೆ.

"ನೀನು ಒಂದೊಂದು ನಂಬರ್ ಹೇಳುವಾಗ ಒಂದೊಂದು."

"ಮೊದಲನೆಯದಕ್ಕೆ?"

"ಮೊದಲು ನೀನು 'ಲಾಭ' ಅಂದೆ. ನಾವು ಬಿಸ್ಮಿಲ್ಲಾ ಹೇಳಿ ಶುರು ಮಾಡುವುದಿಲ್ವಾ, ನಿಮ್ಮದು ಹಾಗೆ ಎಂತದೋ ಉಂಟು ಅಂತ ಸುಮ್ಮನೆ ನಿಂತೆ. ಆಮೇಲೆ ಎರಡು ಅಂದೆ, ಆಗ ಗೆರೆ ಹಾಕಿದೆ."

"ಎರಡು ಅಂದಾಗ ಒಂದೇ ಗೆರೆ ಹಾಕಿದೆಯಾ!"

"ನಾನು ಕನ್ನಡದಲ್ಲಿ ಯಾವಾಗ ಎಣಿಸಿದ್ದು? ನೀನು ಬಾಯಿ ತೆರೆದರೆ ಗೆರೆ, ಅಷ್ಟೇ."

ನನ್ನ ಅಜ್ಜಿ ಗಂಗೊಳ್ಳಿಯ ಬಂದರಿನಲ್ಲಿ ಬಂಗುಡೆ ಎಣಿಸುವಾಗ ಎಂದೂ "ಒಂದು" ಎಂದವಳಲ್ಲ. ಶುಭಕ್ಕೆಂದು ಒಂದರ ಬದಲು ಲಾಭ, ಆಮೇಲೆ ಎರಡು, ಮೂರು. ಅಕ್ಕಿ ಅಳೆಯುವವರೂ ಹಾಗೆಯೇ. ಕಾಗದದ ಮೇಲೆ ಎಣಿಸುವಾಗ ನಾನು ಒಂದು ಎಂದೇ ಬರೆಯುವವನು. ಆದರೆ ಬುಟ್ಟಿಯಂಥದ್ದೊಂದು ಎದುರಿಗಿದ್ದು ಕೈಯಿಂದ ಕೈಗೆ ವಸ್ತು ದಾಟಿದರೆ ನನ್ನ ಬಾಯಿಂದ ಬರುವುದು ಅಜ್ಜಿಯ ಲೆಕ್ಕ.

ಟ್ಯಾಂಕಿನ ಬಾಯಿಗೆ ತಲೆ ಹಾಕಿ ಎಲ್ಲವನ್ನೂ ಕೂಗಿ ಹೇಳಿದೆ. ಉಸ್ತಾ ಏಣಿ ಹತ್ತಿ ಅರ್ಧ ಮೇಲೆ ಬಂದು, ಅಂಚಿಗೆ ಮೊಣಕೈ ಊರಿ, ಪೂರ್ತಿ ಕೇಳಿದರು. ಗಂಟೆ 3.05.

"ಅಂದರೆ ಅರವತ್ತನಾಲ್ಕು ಬಂದಿದೆ," ಎಂದರು. "ಹಾಗಾದರೆ ನೀನು ಕೊನೆಗೆ ಹೇಳಿದ ನಂಬರ್ ಹನ್ನೊಂದು."

"ಹೌದು... ಇರಬೇಕು."

"ಇರಬೇಕಾ? ಹೇಳಿದೆಯಾ?"

ನೆನಪಾಗಲಿಲ್ಲ. ಹತ್ತು ಎಂದು ನಿಲ್ಲಿಸಿದೆನೋ, ಹನ್ನೊಂದು ಎಂದೆನೋ. ಕೈಗವಸಿನ ಕೈಯಲ್ಲಿ ಪೆನ್ನಿರಲಿಲ್ಲ, ಬರೆಯದಿದ್ದದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಮ್ಯಾನೇಜರ್ ಹಿಂದಿನಿಂದ ನನ್ನ ಬೆನ್ನು ತಿವಿದರು. ಗೆಳೆಯ ಲಾರಿ ಡ್ರೈವರಿಗೆ ಫೋನ್ ಮಾಡಿದ್ದ, ಪೆಟ್ಟಿಗೆ ಆಗಲೇ ಗುಜರಿಯ ಗುಡ್ಡಕ್ಕೆ ಸುರಿದಾಗಿತ್ತು. ಉಸ್ತಾ ನನ್ನ ಮುಖವನ್ನೇ ನೋಡುತ್ತಿದ್ದರು, ಹೌದು ಎನ್ನಲಿ ಎಂಬ ಆಸೆ ಅವರ ಕಣ್ಣಲ್ಲೂ ಇತ್ತು. ಅದು ನನಗೆ ಇವತ್ತಿಗೂ ಕಾಣುತ್ತದೆ.

"ಗೊತ್ತಿಲ್ಲ ಉಸ್ತಾ," ಎಂದೆ.

ಅವರು ಒಂದು ಸಲ ತಲೆ ಆಡಿಸಿದರು. "ನಾನೂ ಒಳಗಿನಿಂದ ಎಣಿಸಬೇಕಿತ್ತು. ಮನಸ್ಸಿನಲ್ಲಿ ನಾನು ಆಗಲೇ ಮಗಳ ಹಡಗು ಹತ್ತಿಯಾಗಿತ್ತು ಮಾರಾಯ," ಎಂದು, ಕೋಲಿಗೆ ಕಟ್ಟಿದ ಅಯಸ್ಕಾಂತವೂ ಒಂದು ಕನ್ನಡಿಯೂ ಕೇಳಿ, ಏಣಿ ಇಳಿದರು.

3.15ಕ್ಕೆ ಕಾರು ಬಂತು. 4.20ಕ್ಕೆ ವಾಪಸ್ ಹೋಯಿತು. ಉಸ್ತಾ ಟ್ಯಾಂಕಿನ ಪ್ರತಿ ಪಕ್ಕೆ, ಪ್ರತಿ ಮೂಲೆ ಬೆರಳಾಡಿಸಿ ನೋಡಿದರು. ನಾನೂ ಇಳಿದೆ, ಟಾರ್ಚ್ ಹಿಡಿದೆ. ಮಧ್ಯೆ ಒಮ್ಮೆ ಸುಲ್ತಾನರ ನಾವಿಕರನ್ನು ನೆನಪಿಸಿ, "ಒಲೆ ಇಲ್ಲ, ಅಷ್ಟೇ ವ್ಯತ್ಯಾಸ," ಎಂದರು. ಐದೂಮುಕ್ಕಾಲಿಗೆ ಹೊರಬಂದಾಗ ಮೀಸೆಯೂ ಕಪ್ಪು. ಟ್ಯಾಂಕಿನಲ್ಲಿ ಏನೂ ಇರಲಿಲ್ಲ. ಹಲಗೆಯಲ್ಲಿ ಅರವತ್ತಮೂರನ್ನು ಅಳಿಸದೆ, ಕೆಳಗೆ "ಕೈಯಿಂದ ಹುಡುಕಿದೆ, ಖಾಲಿ" ಎಂದು ಬರೆದು ಸಹಿ ಹಾಕಿದರು. ಬಾಗಿಲು ಮುಚ್ಚಿತು. ಟಗ್ ಹೊರಟು ದೂರ ಹೋಗುವವರೆಗೆ ನಿಂತು ಎಂಜಿನ್ ಸದ್ದು ಕೇಳಿಸಿಕೊಂಡು, ಚಹಾ ಎಲ್ಲಿ ಎಂದು ಕೇಳಿದರು.

ಅಳು ಬರುವ ಹಾಗಾಗಿ ನಾನು ತಪ್ಪಾಯಿತು ಎಂದೆ.

"ಒಳ್ಳೆಯದೇ ಆಯಿತು. ನೀನು ಹೌದು ಅಂದಿದ್ದರೆ ನಾನು ಹೋಗಿಬಿಡುತ್ತಿದ್ದೆ. ಆಮೇಲೆ ಇಸ್ತಾಂಬುಲ್‌ವರೆಗೆ ನೀನು ಸುಳ್ಳು ಹೇಳಿದೆಯೋ ನಿಜ ಹೇಳಿದೆಯೋ ಅಂತ ಲೆಕ್ಕ ಹಾಕುತ್ತಾ ಕೂರಬೇಕಿತ್ತು. ಮಗಳ ಹಲಗೆ ಎದುರಿಗಿದ್ದರೂ ಕಾಣುತ್ತಿರಲಿಲ್ಲ." ಬಂದ ಚಹಾದ ಗ್ಲಾಸನ್ನು ಕೆಳಗಿಟ್ಟರು. "ಆದರೂ ನೋಡಬೇಕಿತ್ತು..." ಎಂದರು. ಅದೊಂದೇ ಸಲ.

ಶನಿವಾರ ನಾನೂ ಗೆಳೆಯನೂ ಅವರನ್ನು ಶರಫಿಯಾದ ಮಂಗಳೂರು ಹೋಟೆಲಿಗೆ ಊಟಕ್ಕೆ ಎಳೆದುಕೊಂಡು ಬಂದೆವು. ಕೋರಿ ರೊಟ್ಟಿ. ರೊಟ್ಟಿ ಮುರಿಯುವ ಸದ್ದಿಗೆ ಅವರು, "ಇದನ್ನು ಜಲಾಂತರ್ಗಾಮಿಯಲ್ಲಿ ತಿನ್ನುವಂತಿಲ್ಲ," ಎಂದರು. 2.17ಕ್ಕೆ ಮಗಳ ಫೋನ್. ಹಡಗಿನಿಂದ ಇಳಿದು ಗೇಟಿನ ಹೊರಗೆ ಬಂದು ಮಾಡಿದ್ದು. ಉಸ್ತಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ನಮಗೆ ಒಂದೊಂದೇ ಮಾತು ತಿಳಿಸಿದರು. ಅಮ್ಮ ಮೇಲಿನವರೆಗೆ ಹತ್ತಿದರಂತೆ. ರಾಡಾರಿನ ಹಲಗೆಯನ್ನು ನೋಡಿ, "ಇಷ್ಟು ಎತ್ತರದಲ್ಲಿ ಇದರ ಧೂಳು ಯಾರು ಒರೆಸುತ್ತಾರೆ?" ಎಂದು ಅಧಿಕಾರಿಯನ್ನು ಕೇಳಿದರಂತೆ. ಉಸ್ತಾ ನಕ್ಕು ನಕ್ಕು ಕೆಮ್ಮಿದರು.

ಆಮೇಲೆ ಮಗಳು ಇನ್ನೇನೋ ಹೇಳಿದಳು, ಇವರು ಅನುವಾದ ನಿಲ್ಲಿಸಿದರು. ಫೋನ್ ಇಟ್ಟ ಮೇಲೆ ನಿಧಾನವಾಗಿ ಹೇಳಿದರು. ಆ ಹಲಗೆಯ ಹಿಂಬದಿ ಮುಚ್ಚುವ ದಿನ ಒಂದು ವಾಷರ್ ಲೆಕ್ಕಕ್ಕೆ ಸಿಗಲಿಲ್ಲವಂತೆ. ಮಗಳು ಮುಚ್ಚಲು ಬಿಡಲಿಲ್ಲ. ಮೂರು ಗಂಟೆ ಎಲ್ಲರೂ ಅವಳನ್ನು ಬೈದುಕೊಂಡು ಹುಡುಕಿದರು, ಕೊನೆಗೆ ಅವಳದ್ದೇ ಶೂವಿನ ಅಡಿಯಲ್ಲಿ ಅಂಟಿಕೊಂಡಿತ್ತು. ಯಾರಿಂದ ಕಲಿತೆ ಈ ಹುಚ್ಚು ಎಂದು ಕೇಳಿದಾಗ, ಮನೆಯಲ್ಲಿ ಚಮಚ ಎಣಿಸುವ ಅಪ್ಪ ಇದ್ದಾರೆ ಎಂದಳಂತೆ. ಗುರುವಾರದ ಸಂಗತಿ ಕೇಳಿ, "ಎಣಿಕೆ ಬಿಟ್ಟು ಬಂದಿದ್ದರೆ ನಾನೇ ಹಡಗಿಗೆ ಹತ್ತಿಸುತ್ತಿರಲಿಲ್ಲ ಬಾಬಾ," ಎಂದಳಂತೆ.

"ಕೇಳಿದಿರಾ?" ಎಂದರು. ಕರವಸ್ತ್ರ ತೆಗೆದು ಮೂಗು ಒರೆಸಿ, ಕೋರಿ ರೊಟ್ಟಿಯ ಖಾರವನ್ನು ಬೈದು, ಪಕ್ಕದ ಮೇಜಿನ ಅಪರಿಚಿತರಿಗೂ ಸೇರಿಸಿ ಏಳು ಚಹಾ ಹೇಳಿದರು.

ಭಾನುವಾರ ಬೆಳಿಗ್ಗೆ ಅವರು ನನ್ನ ಗೆಳೆಯನನ್ನು ಹಲಗೆಯ ಎದುರು ನಿಲ್ಲಿಸಿ ಹೊಸ ಕ್ರಮ ಕಲಿಸಿದರು. ನಾನು ಲಾಭ ಎಂದರೆ ಮೊದಲ ಗೆರೆ, ಉಳಿದವುಗಳಿಗಿಂತ ಉದ್ದಕ್ಕೆ. "ಅಜ್ಜಿಯ ಲೆಕ್ಕ ತಪ್ಪಲ್ಲ. ಅದಕ್ಕೆ ಗೆರೆ ಹಾಕದ್ದು ತಪ್ಪು." ಆಮೇಲೆ ಅವರೂ ಟ್ಯಾಂಕಿನೊಳಗಿನಿಂದ ಮೊದಲ ತುಂಡು ಕೊಡುವಾಗ "ಲಾಭ್!" ಎಂದು ಕೂಗುತ್ತಿದ್ದರು, ಮುಂದಿನದ್ದೆಲ್ಲ ತುರ್ಕಿಯಲ್ಲಿ. ಬಿಹಾರದ ಫಿಟ್ಟರುಗಳೂ ಈಜಿಪ್ಟಿನ ಮೇಸ್ತ್ರಿಯೂ ಹಾಗೆಯೇ ಕಲಿತರು. ಆ ವರ್ಕ್‌ಶಾಪಿನಲ್ಲಿ ಈಗಲೂ ಹಾಗೇ ಎಣಿಸುತ್ತಾರೆ ಎಂದು ಗೆಳೆಯ ಹೇಳುತ್ತಾನೆ. ನಾನು ಅಲ್ಲಿ ಇಲ್ಲ, ಕಳೆದ ವರ್ಷ ಬೇರೆ ಆಫೀಸು ಸೇರಿದೆ.

2024 ಏಪ್ರಿಲ್ 18, ಗುರುವಾರ, ಕರಾರು ಮುಗಿಸಿ ಉಸ್ತಾ ಊರಿಗೆ ಹೋದರು. ನಮ್ಮ ಜೊತೆ ಇದ್ದದ್ದು ಒಟ್ಟು 593 ದಿನ. ಆ ಫ್ರಿಗೇಟ್ ಸಮುದ್ರದಿಂದ ಮರಳಿದಾಗ ಇನ್ನೊಮ್ಮೆ ಮನೆಯವರನ್ನು ಹತ್ತಿಸುತ್ತಾರೆ ಎಂದು ಮಗಳು ಹೇಳಿದ್ದಳಂತೆ, ಇನ್‌ಶಾ ಅಲ್ಲಾ ಎಂದು ಹೊರಟರು. ತಲುಪಿದೆ ಎಂದು ಒಂದು ಮೆಸೇಜ್ ಬಂತು. ಜೂನ್ ನಂತರ ನಾನು ಕಳಿಸಿದ ಹದಿನಾಲ್ಕು ಮೆಸೇಜುಗಳಲ್ಲಿ ಒಂದೂ ತಲುಪಿಲ್ಲ. ನಂಬರ್ ಬದಲಾಯಿತೋ, ಅಥವಾ... ಅವರ ಪ್ರಾಯ ನಾನು ಬಲ್ಲೆ. ಅದನ್ನು ಈ ಮೌನಕ್ಕೆ ಕೂಡಿಸಿ ನೋಡಲು ಮನಸ್ಸಿಲ್ಲ.

ಈಗ 12.05. ಮಸೀದಿಯಲ್ಲಿ ಬಾಂಗ್ ಆಗಿದೆ, ಕೆಳಗೆ ಶಟರಿನ ಕೆಲಸ ನಿಂತಿದೆ.

ಇದನ್ನು ಓದುವವರಲ್ಲಿ ತುರ್ಕಿಯ ಬಂದರುಗಳಿಗೆ ಹೋಗಿಬರುವ ನಮ್ಮ ಕರಾವಳಿಯ ನಾವಿಕರು ಇರಬಹುದು. ಗೊಲ್ಜುಕ್ ಕಡೆಯ, ಬಿಳಿ ಮೀಸೆಯ, ಮಾತಿಗೊಮ್ಮೆ ಮಾರಾಯ ಎನ್ನುವ ಹಳೆಯ ವೆಲ್ಡರ್ ಒಬ್ಬರು ನಿಮಗೆ ಸಿಕ್ಕಿದ್ದರೆ, ಅಥವಾ ಅವರ ಸುದ್ದಿ ಏನಾದರೂ ತಿಳಿದಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ನನಗೆ ಬೇಕಾದದ್ದು ಒಂದೇ ಮಾತು: ಅವರು ಮಗಳ ಆ ಹಡಗು ಹತ್ತಿದರೇ? ಹತ್ತಿದ್ದರೆ ದಿನಾಂಕವನ್ನೂ ಬರೆಯಿರಿ. ನನ್ನ ಡೈರಿಯಲ್ಲಿ 2023 ನವೆಂಬರ್ 18ರ ಕೆಳಗೆ ಅದಕ್ಕಾಗಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.